ಓದಿದೊಡನೆ ಅಳಿಯುವ ದಾಖಲೆ

ವೋಲ್ಟ್‌ಮೀಟರು ಮೊದಲಾದ ಅಳತೆಯ ಉಪಕರಣಗಳನ್ನು ಈಗ ದೂರದ ಕಂಪ್ಯೂಟರಿನಿಂದಲೇ ನಡೆಸಬಹುದು. ಕಳುಹಿಸಿದ ಆಜ್ಞೆ ವಿಫಲವಾದರೆ ಉಪಕರಣವು ತನ್ನ ‘ಸ್ಥಿತಿ ರಿಜಿಸ್ಟರಿ’ನಲ್ಲಿ ಗುರುತು ಮಾಡಿಕೊಳ್ಳುತ್ತದೆ. 1987ರ ಐಇಇಇ 488.2 ನಿಯಮದಂತೆ ಅದರಲ್ಲಿ ಎಂಟು ಮನೆಗಳು. ಒಂದೊಂದಕ್ಕೂ ಒಂದು ಬೆಲೆ. ಆಜ್ಞೆಯ ರೂಪವೇ ತಪ್ಪಿದರೆ 32. ರೂಪ ಸರಿಯಿದ್ದೂ ನೆರವೇರಿಸಲಾಗದಿದ್ದರೆ 16. ‘*ಇಎಸ್‌ಆರ್?’ ಎಂದು ಕೇಳಿದಾಗ 48 ಬಂದರೆ ಎರಡೂ ನಡೆದಿವೆಯೆಂದು ತಿಳಿಯಬೇಕು.

ಆದರೆ ಓದಿದೊಡನೆ ರಿಜಿಸ್ಟರು ಬರಿದಾಗುತ್ತದೆ! ಮರಳಿ ಕೇಳಿದರೆ 0 ಬರುವುದು. ಅದನ್ನು ನಂಬಿದರೆ ತಪ್ಪು ಅಳತೆಯೂ ಸರಿಯೆಂದೇ ದಾಖಲಾಗುವುದು. ಆದುದರಿಂದ ಕೆಲಸಕ್ಕೆ ಮೊದಲು ‘*ಸಿಎಲ್‌ಎಸ್’ ಆಜ್ಞೆಯಿಂದ ಹಳೆಯ ಗುರುತುಗಳನ್ನು ಅಳಿಸಿ, ಕೆಲಸ ಮುಗಿದೊಡನೆ ಒಮ್ಮೆ ಓದಿ, ಬಂದ ಅಂಕಿಯನ್ನು ಅಳತೆಯ ಜೊತೆಗೇ ಬರೆದಿಡತಕ್ಕದ್ದು.