ಕೋಡಂಗಿ ಮೀನಿನ ಮೈಬಣ್ಣ ಕೆಡುವುದೇಕೆ?

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸವು ಈಚಿನ ವರ್ಷಗಳಲ್ಲಿ ನಮ್ಮ ಕಾಸರಗೋಡಿನ ಮನೆಗಳಿಗೂ ಬಂದಿದೆ. ಮೊದಲು ಸಿಹಿನೀರಿನ ಮೀನುಗಳು ಮಾತ್ರ ಇರುತ್ತಿದ್ದ ಕಡೆ ಈಗ ಅಲ್ಲೊಂದು ಇಲ್ಲೊಂದು ಉಪ್ಪುನೀರಿನ ತೊಟ್ಟಿಯೂ ಕಾಣಬರುತ್ತದೆ. ಅದರಲ್ಲಿ ಮಕ್ಕಳ ಮನಸ್ಸನ್ನು ಸೆಳೆಯುವುದು ಕಿತ್ತಳೆ ಬಣ್ಣದ ಮೈಯ ಮೇಲೆ ಮೂರು ಬಿಳಿಯ ಪಟ್ಟೆಗಳುಳ್ಳ ಕ್ಲೌನ್ ಮೀನು. 2003ರಲ್ಲಿ ತೆರೆಕಂಡ ‘ಫೈಂಡಿಂಗ್ ನೀಮೋ’ ಎಂಬ ಚಿತ್ರವು ಇದನ್ನು ಲೋಕದ ಮಕ್ಕಳಿಗೆಲ್ಲ ಪರಿಚಯಿಸಿತು. ಕ್ಲೌನ್ ಎಂದರೆ ಕೋಡಂಗಿ. ಯಕ್ಷಗಾನದ ಪೂರ್ವರಂಗದಲ್ಲಿ ಕುಣಿಯುವ ಕೋಡಂಗಿಗಳನ್ನು ಕಂಡಿರುವ ನಮ್ಮ ಮಕ್ಕಳಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾದುದಿಲ್ಲ.

“ಮಾಸ್ಟ್ರೇ, ನಮ್ಮ ಮೀನಿನ ಬಣ್ಣ ಹೋಯಿತು, ಯಾವ ಮದ್ದು ಹಾಕಬೇಕು?” ಎಂಬ ಪ್ರಶ್ನೆಯು ಈ ವರ್ಷ ನಮ್ಮ ಕಿವಿಗೆ ಒಂದಕ್ಕಿಂತ ಹೆಚ್ಚು ಬಾರಿ ಬಿದ್ದಿದೆ. ಮದ್ದಿನ ಮಾತನ್ನು ಆಮೇಲೆ ನೋಡೋಣ. ಬಣ್ಣ ಕೆಟ್ಟಿತೆಂಬ ಒಂದೇ ಮಾತಿನೊಳಗೆ ನಾಲ್ಕಾರು ಬೇರೆ ಬೇರೆ ಸಂಗತಿಗಳು ಅಡಗಿವೆ. ಅವುಗಳಲ್ಲಿ ಕೆಲವಕ್ಕೆ ಮದ್ದೇ ಬೇಡ. ಒಂದಕ್ಕಂತೂ ಎರಡು ದಿನ ತಡಮಾಡಿದರೆ ಮೀನೇ ಉಳಿಯುವುದಿಲ್ಲ. ಯಾವುದು ಯಾವುದೆಂದು ತಿಳಿಯಬೇಕಾದರೆ ಮೀನಿನ ಚರ್ಮದ ರಚನೆಯನ್ನು ಸ್ವಲ್ಪಮಟ್ಟಿಗಾದರೂ ಅರಿಯತಕ್ಕದ್ದು.

ಈ ಮೀನಿನ ಬಣ್ಣವು ಚೌಕಿಯಲ್ಲಿ ಕುಳಿತು ಬಳಿದುಕೊಂಡ ಬಣ್ಣದಂತೆ ಮೇಲೆ ಮೆತ್ತಿದುದಲ್ಲ. ಚರ್ಮದೊಳಗೆ ವರ್ಣಕೋಶಗಳೆಂಬ ವಿಶೇಷ ಜೀವಕೋಶಗಳಿವೆ. ಕೆಲವು ಕೋಶಗಳಲ್ಲಿ ಕಪ್ಪು ವರ್ಣದ ಕಣಗಳಿರುತ್ತವೆ. ಇನ್ನು ಕೆಲವುಗಳಲ್ಲಿ ಹಳದಿ ಮತ್ತು ಕೆಂಪು ವರ್ಣದ್ರವ್ಯಗಳಿದ್ದು ಅವುಗಳಿಂದಲೇ ಕಿತ್ತಳೆ ಬಣ್ಣ ಉಂಟಾಗುತ್ತದೆ. ಬಿಳಿಯ ಪಟ್ಟೆಯ ಸಂಗತಿ ವಿಚಿತ್ರವಾದುದು. ಅಲ್ಲಿ ಬಿಳಿಯ ಬಣ್ಣವೆಂಬುದೇ ಇಲ್ಲ. ಕೋಶದೊಳಗಿನ ಅತಿ ಸೂಕ್ಷ್ಮವಾದ ಹರಳುಗಳು ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ ನಮ್ಮ ಕಣ್ಣಿಗೆ ಬಿಳುಪು ತೋರುತ್ತದೆ. ಕಪ್ಪು ಕಣಗಳು ಕೋಶದ ತುಂಬ ಹರಡಿಕೊಂಡರೆ ಮೈ ಕಪ್ಪಾಗಿ ಕಾಣುವುದು, ನಡುವೆ ಒತ್ತಾಗಿ ಕೂಡಿಕೊಂಡರೆ ತಿಳಿಯಾಗುವುದು. ಈ ಬದಲಾವಣೆಗೆ ಕೆಲವು ನಿಮಿಷಗಳು ಸಾಕು. ವರ್ಣಕೋಶಗಳ ಸಂಖ್ಯೆಯೇ ಹೆಚ್ಚು ಕಡಮೆಯಾಗುವುದಕ್ಕಾದರೋ ದಿನಗಳು, ವಾರಗಳು ಹಿಡಿಯುತ್ತವೆ. ಬೆಳಗ್ಗೆ ದೀಪ ಹಾಕಿದೊಡನೆ ಮಂಕಾಗಿ ಕಂಡ ಮೀನು ಸ್ವಲ್ಪ ಹೊತ್ತಿನಲ್ಲಿ ಮೊದಲಿನಂತಾದರೆ ಚಿಂತಿಸಬೇಕಾದುದಿಲ್ಲವೆಂಬುದು ಇದರಿಂದಲೇ ವೇದ್ಯವಾಗುತ್ತದೆ.

ವಾರಗಟ್ಟಲೆ ಮೆಲ್ಲಮೆಲ್ಲನೆ ಕಿತ್ತಳೆ ಬಣ್ಣವು ಮಾಸುತ್ತಾ ಬಂದು, ಮೀನು ಚೆನ್ನಾಗಿ ತಿನ್ನುತ್ತಾ ಈಜುತ್ತಾ ಇದ್ದರೆ, ಆಹಾರದ ಮೇಲೆ ಸಂಶಯಪಡಬೇಕು. ಕಿತ್ತಳೆ ಬಣ್ಣಕ್ಕೆ ಕಾರಣವಾದ ಕೆರೋಟಿನಾಯ್ಡ್ ಎಂಬ ದ್ರವ್ಯಗಳನ್ನು ಮೀನು ತಾನಾಗಿ ತಯಾರಿಸಲಾರದು; ತಿಂದ ಆಹಾರದಿಂದಲೇ ಪಡೆಯಬೇಕು. ಕಡಲಿನಲ್ಲಿ ಪಾಚಿಯನ್ನು ತಿಂದು ಬದುಕುವ ಸಣ್ಣ ಸಣ್ಣ ಜೀವಿಗಳ ಮೂಲಕ ಅವು ಮೀನಿಗೆ ದೊರೆಯುತ್ತವೆ. ಹಿತ್ತಲಲ್ಲಿ ಹಸುರು ಮೇಯುವ ಊರುಕೋಳಿಯ ಮೊಟ್ಟೆಯ ಭಂಡಾರವು ಗಾಢ ಹಳದಿಯಾಗಿರುವುದನ್ನು ತಾಯಂದಿರೆಲ್ಲರೂ ಬಲ್ಲರು. ಕಾರಣವು ಎರಡೂ ಕಡೆ ಒಂದೇ. ಅಂಗಡಿಯ ಒಂದೇ ಬಗೆಯ ಒಣ ಆಹಾರವನ್ನು ವರ್ಷವಿಡೀ ಹಾಕುವ ಬದಲು ಸಣ್ಣಗೆ ಹೆಚ್ಚಿದ ಸಿಗಡಿ, ಸ್ಪಿರುಲಿನಾ ಪಾಚಿ ಬೆರೆತ ಆಹಾರ ಇವುಗಳನ್ನು ಸರದಿಯಂತೆ ಕೊಟ್ಟರೆ ಬಣ್ಣವು ಕ್ರಮವಾಗಿ ಮರಳುವುದು.

ಮಕ್ಕಳನ್ನು ಹೆಚ್ಚು ಹೆದರಿಸುವುದು ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುವ ಕಪ್ಪು ಕಲೆ. ಕ್ಲೌನ್ ಮೀನು ಕಡಲಿನಲ್ಲಿ ಅನಿಮೋನ್ ಎಂಬ ಪ್ರಾಣಿಯ ಆಶ್ರಯದಲ್ಲಿ ಬಾಳುತ್ತದೆ. ಅನಿಮೋನ್ ನೋಡಲು ಹೂವಿನಂತಿದ್ದರೂ ಅದರ ಎಸಳುಗಳಂತಹ ಬಳ್ಳಿಗಳು ತುರಿಕೆಗಿಡದಂತೆ ಕುಟುಕುತ್ತವೆ. ಇತರ ಸಣ್ಣ ಮೀನುಗಳು ಸಿಕ್ಕಿದರೆ ಸತ್ತೇ ಹೋಗುತ್ತವೆ. ಕ್ಲೌನ್ ಮೀನನ್ನು ಅದರ ಮೈಮೇಲಿನ ಲೋಳೆಯ ಕವಚವು ಕಾಪಾಡುತ್ತದೆ. ತೊಟ್ಟಿಯಲ್ಲಿ ಹೊಸ ಅನಿಮೋನನ್ನಾಗಲಿ, ಅದು ಇಲ್ಲದಿರುವಾಗ ಕುಟುಕುವ ಹವಳವನ್ನಾಗಲಿ ಮನೆಮಾಡಿಕೊಂಡ ಮೀನಿನ ಮೈಯಲ್ಲಿ ಮಸಿ ತಗಲಿದಂತೆ ಕಪ್ಪು ಮಚ್ಚೆಗಳು ಏಳುವುದುಂಟು. ಇದು ರೋಗವಲ್ಲ. ಹೊಸ ಮನೆಯ ಅಭ್ಯಾಸವಾದಂತೆ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಮಾಸಿಹೋಗುತ್ತವೆ. ಕಡಲಿನಲ್ಲಿಯೂ ಹೀಗೆಯೇ: ಕ್ಲಾರ್ಕಿ ಎಂಬ ಜಾತಿಯ ಮೀನುಗಳಲ್ಲಿ, ಮೆರ್ಟೆನ್ಸ್ ಅನಿಮೋನಿನಲ್ಲಿ ವಾಸಿಸುವಂಥವು ಬಹುಮಟ್ಟಿಗೆ ಕಪ್ಪಾಗಿಯೇ ಇರುತ್ತವೆ.

ಆಶ್ರಯಕ್ಕೂ ಬಣ್ಣಕ್ಕೂ ಇರುವ ಈ ನಂಟು ಕಪ್ಪಿಗೆ ಮಾತ್ರ ಸೀಮಿತವಲ್ಲ. ಪಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯಲ್ಲಿ ಪರ್ಕ್ಯುಲಾ ಜಾತಿಯ ಮರಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2021ರಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದರು. ದೊಡ್ಡ ಕಂಬಳಿ ಅನಿಮೋನಿನಲ್ಲಿ ಬೆಳೆಯುವ ಮರಿಗಳಿಗೆ ಬಿಳಿಯ ಪಟ್ಟೆಗಳು ಬೇಗನೆ ಮೂಡುತ್ತವೆ. ಇನ್ನೊಂದು ಜಾತಿಯ ಅನಿಮೋನಿನಲ್ಲಿರುವ ಮರಿಗಳಿಗೆ ತಡವಾಗಿ. ಬೇಗನೆ ಪಟ್ಟೆ ಮೂಡಿದ ಮರಿಗಳಲ್ಲಿ ಥೈರಾಯ್ಡ್ ಹಾರ್ಮೋನು ಅಧಿಕವಾಗಿತ್ತು. ಆದಕಾರಣ ಪಟ್ಟೆ ಪೂರ್ಣವಾಗದ ಮರಿಯನ್ನು ಕಂಡು ರೋಗಿಯೆಂದು ತೀರ್ಮಾನಿಸಬಾರದು. ತೊಟ್ಟಿಗಳಲ್ಲಿಯೇ ಮರಿಮಾಡಿಸಿದ ಮೀನುಗಳಲ್ಲಿ ಪಟ್ಟೆ ತುಂಡಾಗಿರುವುದೂ ಸಾಮಾನ್ಯ. ಅದು ಹುಟ್ಟಿದಂದಿನ ಬೆಳವಣಿಗೆಯ ವ್ಯತ್ಯಾಸವೇ ಹೊರತು ಬೇನೆಯಲ್ಲ.

ಇನ್ನು ಭಯಪಡತಕ್ಕ ಸಂಗತಿಗೆ ಬರೋಣ. ಬಣ್ಣವು ಒಳಗೆ ಕೆಡದೆ ಹೊರಗಿನಿಂದ ಮುಚ್ಚಿಹೋಗುವುದುಂಟು. ಬ್ರೂಕ್ಲಿನೆಲ್ಲಾ ಎಂಬ ಏಕಕೋಶಜೀವಿಯು ಮೀನಿನ ಚರ್ಮವನ್ನೂ ಕಿವಿರುಗಳನ್ನೂ ತಿಂದು ಬಾಳುತ್ತದೆ. 1970ರಲ್ಲಿ ಲೋಮ್ ಮತ್ತು ನಿಗ್ರೆಲ್ಲಿ ಎಂಬ ವಿಜ್ಞಾನಿಗಳು ಇದನ್ನು ವರ್ಣಿಸಿದರು. ನ್ಯೂಯಾರ್ಕಿನ ಬ್ರೂಕ್ಲಿನ್ ಇದರ ಹೆಸರಿನಲ್ಲಿ ಸೇರಿಕೊಂಡಿದೆ. ಕ್ಲೌನ್ ಮೀನುಗಳಿಗೆ, ಅದರಲ್ಲಿಯೂ ಕಡಲಿನಿಂದ ಹಿಡಿದು ದೂರ ಸಾಗಿಸಿ ಬಳಲಿದವುಗಳಿಗೆ, ಇದು ಎಷ್ಟು ಸಾಮಾನ್ಯವೆಂದರೆ ಕ್ಲೌನ್ ಮೀನಿನ ರೋಗವೆಂದೇ ಹೆಸರಾಗಿದೆ. ಮೊದಲು ಮೀನು ಏದುಸಿರು ಬಿಡುತ್ತಾ ನೀರಿನ ಮೇಲ್ಭಾಗಕ್ಕೆ ಬರುವುದು, ಆಹಾರವನ್ನು ಬಿಡುವುದು. ಅನಂತರ ಮೈಯ ಬಣ್ಣ ಮಂಕಾಗಿ, ಬೆಳ್ಳಗಿನ ದಪ್ಪ ಲೋಳೆ ಕಟ್ಟಿಕೊಂಡು, ಪೊರೆಯು ಚಿಂದಿಚಿಂದಿಯಾಗಿ ಕಳಚಿ ನೇತಾಡುವುದು. ಈ ಜೀವಿಯು ಮೀನಿನ ಮೈಮೇಲೆಯೇ ಒಂದು ಎರಡಾಗಿ, ಎರಡು ನಾಲ್ಕಾಗಿ ಸೀಳಿಕೊಂಡು ವೃದ್ಧಿಯಾಗುವುದರಿಂದ ರೋಗವು ಕಾಳ್ಗಿಚ್ಚಿನಂತೆ ಏರುತ್ತದೆ. ಕೆಲವೇ ದಿನಗಳಲ್ಲಿ ಸಾವು ಬರಬಹುದು.

ಉಪ್ಪಿನ ಹರಳು ಅಂಟಿದಂತೆ ಬಿಡಿಬಿಡಿ ಚುಕ್ಕೆಗಳಾದರೆ, ಅಥವಾ ನಯವಾದ ಹಿಟ್ಟು ಚಿಮುಕಿಸಿದಂತೆ ಕಂಡರೆ, ಅವು ಬೇರೆ ಎರಡು ಪರೋಪಜೀವಿಗಳ ಗುರುತುಗಳು. ಅವೂ ಕೊಲ್ಲುವಂಥವೇ. ಅವಕ್ಕೆ ತಾಮ್ರದ ಔಷಧಿ ನಾಟುತ್ತದೆ. ಬ್ರೂಕ್ಲಿನೆಲ್ಲಾಕ್ಕೆ ಅದು ಪ್ರಯೋಜನಕ್ಕೆ ಬಾರದು. ಕೊಳೆರೋಗಕ್ಕೆ ಅಡಕೆ ತೋಟದಲ್ಲಿ ಮೈಲುತುತ್ತದ ಮದ್ದು ಬಿಡುವ ನಮ್ಮ ಕೃಷಿಕ ಪಾಲಕರು ತಾಮ್ರದ ಬಲವನ್ನು ಬಲ್ಲರು. ಅನಿಮೋನು, ಸಿಗಡಿ, ಹವಳ ಇರುವ ತೊಟ್ಟಿಗೆ ಅದನ್ನು ಸುರಿದರೆ ಅವೆಲ್ಲವೂ ಸಾಯುವುವು. ಮೇಲೆ ಹೇಳಿದ ನಿರಪಾಯವಾದ ಕಪ್ಪು ಮಚ್ಚೆಗೆ ಹೆದರಿ ಮದ್ದು ಸುರಿದವನು ರೋಗವಿಲ್ಲದ ತೊಟ್ಟಿಯನ್ನೇ ಹಾಳುಮಾಡಿದಂತಾಗುವುದು.

ಬ್ರೂಕ್ಲಿನೆಲ್ಲಾಕ್ಕೆ ರೂಢಿಯಲ್ಲಿರುವ ಚಿಕಿತ್ಸೆಯೆಂದರೆ ಫಾರ್ಮಲಿನ್ ಬೆರೆಸಿದ ನೀರಿನ ಸ್ನಾನ. ವಿಜ್ಞಾನದ ಕೊಠಡಿಗಳಲ್ಲಿ ಸತ್ತ ಕಪ್ಪೆಯನ್ನು ಕೆಡದಂತೆ ಸೀಸೆಯಲ್ಲಿಡುವ ದ್ರವವೇ ಅದು, ಮನುಷ್ಯರಿಗೂ ವಿಷ. ಮಕ್ಕಳು ಅದನ್ನು ಮುಟ್ಟಲೇಕೂಡದು. ಪಾಲಕರೂ ಬಲ್ಲವರ ಸಹಾಯವಿಲ್ಲದೆ ಕೈಹಾಕಬಾರದು. ಅಷ್ಟರಲ್ಲಿ ಮಾಡಬಹುದಾದುದೆಂದರೆ ರೋಗಿಯನ್ನು ಗಾಳಿ ಹಾಯಿಸುವ ಬೇರೆ ಉಪ್ಪುನೀರಿನ ತೊಟ್ಟಿಗೆ ಕೂಡಲೇ ಸಾಗಿಸುವುದು, ಜೊತೆಯಲ್ಲಿದ್ದ ಮೀನುಗಳ ಉಸಿರಾಟವನ್ನು ದಿನಕ್ಕೆ ಎರಡು ಸಲ ಗಮನಿಸುವುದು. ಏದುಸಿರಿದ್ದೂ ಲೋಳೆಯಾಗಲಿ ಚುಕ್ಕೆಯಾಗಲಿ ಕಾಣದಿದ್ದರೆ ನೀರಿನಲ್ಲಿ ಅಮೋನಿಯಾ ಸೇರಿರಬಹುದು. ಹೊಸ ತೊಟ್ಟಿಗಳಲ್ಲಿ ಇದು ಹೆಚ್ಚು.

ಕೊಚ್ಚಿಯಲ್ಲಿ ಪ್ರಧಾನ ಕಚೇರಿಯುಳ್ಳ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿ ಮರಿಮಾಡಿಸುವ ವಿಧಾನವನ್ನು ಸಾಧಿಸಿದೆ. ಕೊಳ್ಳುವುದೇ ಆದರೆ ಅಂತಹ ತೊಟ್ಟಿಯ ಮರಿಯನ್ನೇ ಕೇಳಿ ಕೊಳ್ಳುವುದು ಲೇಸು. ಕಡಲಿನ ಬಂಡೆಗಳೂ ಬರಿದಾಗುವುದಿಲ್ಲ. ಮನೆಗೆ ತಂದ ಮೀನನ್ನು ಅಂದೇ ಹಳೆಯ ಮೀನುಗಳೊಡನೆ ಬಿಡದೆ ನಾಲ್ಕು ವಾರಗಳ ಕಾಲ ಬೇರೆ ತೊಟ್ಟಿಯಲ್ಲಿರಿಸಬೇಕು. ಆ ತೊಟ್ಟಿಯಲ್ಲಿ ಅದ್ದಿದ ಬಲೆಯನ್ನೂ ಒದ್ದೆ ಕೈಯನ್ನೂ ಇನ್ನೊಂದರಲ್ಲಿ ಅದ್ದಬಾರದು.