ಅಡಿಕೆ ತೋಟಕ್ಕೆ ಸಣ್ಣ ಟ್ರ್ಯಾಕ್ಟರು: ಕೊಳ್ಳುವ ಮೊದಲು ದಾರಿ ಅಳೆಯಿರಿ

ಮಳೆಗಾಲ ಮುಗಿದು ಮೊದಲ ಕೊಯ್ಲಿನ ಅಡಿಕೆ ಅಂಗಳಕ್ಕೆ ಬಂದು ಬೀಳುವ ಹೊತ್ತಿಗೆ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅನೇಕ ಮನೆಗಳ ಜಗಲಿಯಲ್ಲಿ ಒಂದೇ ಮಾತು ನಡೆಯುತ್ತದೆ. "ಅಪ್ಪ, ಈ ವರ್ಷ ಒಂದು ಸಣ್ಣ ಟ್ರ್ಯಾಕ್ಟರು ತೆಗೊಳ್ಳುವ. ಗೊಬ್ಬರ ಹೊರಲು ಜನ ಸಿಗುವುದಿಲ್ಲ" ಎಂದು ಮಗ ಹೇಳುತ್ತಾನೆ. "ಅದು ನಮ್ಮ ತೋಟದ ಸಂಕ ದಾಟೀತೇ? ಸಾಲ ತೀರೀತೇ?" ಎಂದು ತಂದೆ ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಇಬ್ಬರನ್ನೂ ಒಪ್ಪಿಸುವ ಉತ್ತರ ಮಾರಾಟಗಾರರ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅದು ಅವರವರ ತೋಟದಲ್ಲೇ ಇದೆ.

ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಟ್ರ್ಯಾಕ್ಟರು ಎಂದರೆ ಉಳುವ ಯಂತ್ರ. ನಮ್ಮಲ್ಲಿ ಹಾಗಲ್ಲ. ಬೈಲು ಗದ್ದೆಗಳಲ್ಲಿ ಬಹುಪಾಲು ತೋಟವಾಗಿವೆ. ಉಳಿದದ್ದು ಮುರಕಲ್ಲಿನ ಗುಡ್ಡೆ, ಅದರ ಇಳಿಜಾರಿನಲ್ಲಿ ರಬ್ಬರು, ಗೇರು, ತೆಂಗು. ಇಲ್ಲಿ ಟ್ರ್ಯಾಕ್ಟರು ಮುಖ್ಯವಾಗಿ ಹೊರುವ ಯಂತ್ರ, ಆಮೇಲೆ ಕಳೆ ಕೊಚ್ಚುವ ಯಂತ್ರ. ಉಳುವುದು ಕೊನೆಯ ಕೆಲಸ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ತಪ್ಪುಗಳು ತಪ್ಪುತ್ತವೆ.

ಮೊದಲು ಕೆಲಸದ ಪಟ್ಟಿ

ವರ್ಷದಲ್ಲಿ ಯಾವ ಕೆಲಸಕ್ಕೆ ಎಷ್ಟು ಆಳು ಬೇಕಾಯಿತು ಎಂದು ಒಂದು ಕಾಗದದಲ್ಲಿ ಬರೆಯಿರಿ. ತೋಟದ ಅತಿ ಕಷ್ಟದ ಕೆಲಸಗಳೆರಡು ಮರದ ತಲೆಯಲ್ಲಿವೆ: ಕೊಯ್ಲು ಮತ್ತು ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವುದು. ಇವೆರಡಕ್ಕೂ ಟ್ರ್ಯಾಕ್ಟರಿನಿಂದ ಪ್ರಯೋಜನ ಕಡಿಮೆ. ಅದಕ್ಕೆ ಕಾರ್ಬನ್ ಫೈಬರಿನ ದೋಟಿ ಬಂದಿದೆ. ನೆಲದಿಂದಲೇ ಕೊಯ್ಯಬಹುದು, ಮದ್ದೂ ಬಿಡಬಹುದು. ಜನದ ಅಭಾವವೇ ನಿಮ್ಮ ಕಷ್ಟವಾದರೆ ಮೊದಲ ಹಣ ದೋಟಿಗೆ, ಎರಡನೆಯದು ಕಳೆ ಕೊಚ್ಚುವ ಕೈಯಂತ್ರಕ್ಕೆ ಹೋಗುವುದು ಒಳ್ಳೆಯದು. ಟ್ರ್ಯಾಕ್ಟರಿನ ಮಾತು ಅದರ ನಂತರ.

ಎರಡು ಎಕರೆ ತೋಟದ ಲೆಕ್ಕ

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಅಡಿಕೆ ಮರ. ಎರಡು ಎಕರೆಗೆ 1,100. ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಸೊಪ್ಪು, 12 ಕಿಲೋ ಹಟ್ಟಿಗೊಬ್ಬರ ಅಥವಾ ಕಾಂಪೋಸ್ಟು ಹಾಕಬೇಕು. ಒಟ್ಟು 26 ಟನ್ನಿಗೂ ಮೇಲೆ. ತಲೆಹೊರೆಯಲ್ಲಿ 25 ಕಿಲೋದಂತೆ ಹೊತ್ತರೆ ಸಾವಿರಕ್ಕೂ ಹೆಚ್ಚು ಹೊರೆ. ಒಂದು ಟನ್ ಹೊರುವ ಟ್ರೇಲರಿನಲ್ಲಿ 27 ಸಲ.

ಮರಕ್ಕೆ ಎರಡು ಕಿಲೋ ಚಾಲಿ ಹಿಡಿದರೆ ಅಂಗಳಕ್ಕೆ ಬರಬೇಕಾದ ಹಣ್ಣಡಿಕೆ ಸುಮಾರು 10 ಟನ್, ಅಂದರೆ ಇನ್ನು ಹತ್ತು ಸಲ. ಸೋಗೆ, ಹಾಳೆ, ತೆಂಗು, ಸೌದೆ ಎಲ್ಲ ಸೇರಿಸಿದರೂ ವರ್ಷಕ್ಕೆ 50 ಸಲದ ಸಾಗಾಟ. ತುಂಬಿಸಿ ಇಳಿಸುವುದಕ್ಕೆಲ್ಲ ಸೇರಿಸಿ ಸಲಕ್ಕೊಂದು ಗಂಟೆ ಎಂದರೆ 50 ಗಂಟೆ. ಸಾವಿರ ತಲೆಹೊರೆ ಉಳಿಸುವುದು ಸಣ್ಣ ಮಾತಲ್ಲ. ಆದರೆ ಯಂತ್ರಕ್ಕೆ 50 ಗಂಟೆ ಎಂಬುದು ಏನೂ ಅಲ್ಲ. ಇದರ ಅರ್ಥ ಮುಂದೆ ಹಣದ ಲೆಕ್ಕದಲ್ಲಿ ತಿಳಿಯುತ್ತದೆ.

ಬಿದಿರ ಕೋಲು ಹಿಡಿದು ಹೊರಡಿ

ನಾಲ್ಕೂವರೆ ಅಡಿ ಉದ್ದದ ಬಿದಿರ ಕೋಲೊಂದನ್ನು ಅಡ್ಡ ಹಿಡಿದುಕೊಂಡು ಗೊಬ್ಬರದ ಗುಂಡಿಯಿಂದ ತೋಟದ ಕೊನೆಯ ಸಾಲಿನವರೆಗೆ ನಡೆಯಿರಿ. ಸಣ್ಣ ಟ್ರ್ಯಾಕ್ಟರುಗಳ ಅಗಲ ಮೂರೂವರೆಯಿಂದ ನಾಲ್ಕು ಅಡಿಯ ಆಸುಪಾಸು. ಟ್ರೇಲರು ಅದಕ್ಕಿಂತ ತುಸು ಅಗಲವಿರುವುದೂ ಉಂಟು. ಕೋಲು ಎಲ್ಲಿ ತಾಗುತ್ತದೋ ಅಲ್ಲೊಂದು ಗುರುತು ಹಾಕಿ. ಒಂಬತ್ತು ಅಡಿ ಅಂತರದ ತೋಟದಲ್ಲಿ ಅಗಲ ಸಾಕಾಗುತ್ತದೆ. ಅಜ್ಜನ ಕಾಲದ ಏಳಡಿಯ ತೋಟದಲ್ಲಿ, ನಡುವೆ ಕೊಕ್ಕೋ ಗಿಡವೂ ಇದ್ದರೆ, ಸಾಗದು. ಕೊಕ್ಕೋದ ತಗ್ಗು ಕೊಂಬೆ, ಬಾಳೆಗೊನೆ ಇವುಗಳ ಎತ್ತರವನ್ನೂ ನೋಡಿ.

ಎರಡನೆಯ ತೊಡಕು ಕಣಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ನಮ್ಮಲ್ಲಿ ಬಸಿಗಾಲುವೆ ಇಲ್ಲದೆ ಅಡಿಕೆ ಉಳಿಯದು. ಯಂತ್ರಕ್ಕಾಗಿ ಕಣಿ ಮುಚ್ಚಬೇಡಿ. ತೋಟದ ನಡುವೆ ಒಂದೇ ದಾರಿ ಮಾಡಿ, ಕಣಿಯ ಮೇಲೆ ಸಿಮೆಂಟು ಪೈಪು ಹಾಕಿ ಮುಚ್ಚಿದರೆ ಸಾಕು. ದಾರಿಯಿಂದ ಮರದ ಬುಡಕ್ಕೆ ಕೈಗಾಡಿ. ಹೊಸದಾಗಿ ಅಡಿಕೆ ಇಡುವವರು ಈಗಲೇ ಹತ್ತು ಹನ್ನೆರಡು ಅಡಿಯ ದಾರಿಯೊಂದನ್ನು ಬಿಟ್ಟುಕೊಂಡರೆ ಮಕ್ಕಳು ನೆನೆಯುವರು.

ಟಿಲ್ಲರೋ, ಟ್ರ್ಯಾಕ್ಟರೋ?

ಗದ್ದೆ ಇನ್ನೂ ಉಳಿಸಿಕೊಂಡವರಿಗೆ 12-13 ಅಶ್ವಶಕ್ತಿಯ ಪವರ್ ಟಿಲ್ಲರು ಹಳೆಯ ಗೆಳೆಯ. ಕೇರಳ ಸರಕಾರದ ಕಾಮ್ಕೋ, ಬೆಂಗಳೂರಿನ ವಿಎಸ್‌ಟಿ ಟಿಲ್ಲರುಗಳು ಈ ಕಡೆ ಪರಿಚಿತ. ಟ್ರ್ಯಾಕ್ಟರಿಗಿಂತ ಕ್ರಯ ಕಡಿಮೆ, ಕೆಸರಿನಲ್ಲಿ ಕಬ್ಬಿಣದ ಚಕ್ರ ಹಾಕಿದರೆ ಹೂಳದೆ ನಡೆಯುತ್ತದೆ, ಟ್ರೇಲರೂ ಎಳೆಯುತ್ತದೆ. ಆದರೆ ತೂಕದ ಯಂತ್ರ, ಹಿಡಿಯುವವರಿಗೆ ತೋಳಿನಲ್ಲಿ ಬಲ ಬೇಕು.

ಸಣ್ಣ ಟ್ರ್ಯಾಕ್ಟರುಗಳಲ್ಲಿ ಮೂರು ಬಗೆ ಇವೆಯೆಂದು ತಿಳಿಯಬಹುದು. 15 ಅಶ್ವಶಕ್ತಿಯವು (ಮಹೀಂದ್ರ ಯುವರಾಜ್ 215, ಸ್ವರಾಜ್ 717), 18-19 ಅಶ್ವಶಕ್ತಿಯವು (ವಿಎಸ್‌ಟಿ ಎಂಟಿ 180), 24ರ ಆಸುಪಾಸಿನವು (ಮಹೀಂದ್ರ ಜಿವೊ 245, ಕುಬೋಟಾ ನಿಯೋಸ್ಟಾರ್ ಬಿ 2441). ಹೆಸರು ಕೊಟ್ಟದ್ದು ಉದಾಹರಣೆಗೆ, ಶಿಫಾರಸಿಗಲ್ಲ. ಸಮತಟ್ಟಾದ ತೋಟ, ತೆಂಗಿನ ಹಿತ್ತಲು ಇದ್ದವರಿಗೆ 15ರದ್ದು ಸಾಕು. ಮನೆ ಗುಡ್ಡೆಯ ಮೇಲೆ, ತೋಟ ಕಣಿವೆಯ ಕೆಳಗೆ ಇದ್ದವರು ಅಶ್ವಶಕ್ತಿಗಿಂತ ಮೊದಲು ನಾಲ್ಕು ಚಕ್ರಕ್ಕೂ ಎಳೆತವಿದೆಯೇ ಎಂದು ನೋಡಬೇಕು. ಮಳೆಗಾಲದಲ್ಲಿ ಪಾಚಿ ಹಿಡಿದ ಮುರಕಲ್ಲಿನ ದಾರಿಯಲ್ಲಿ ಹಿಂದಿನ ಎರಡೇ ಚಕ್ರ ತಿರುಗುವ ಯಂತ್ರ ನಿಂತಲ್ಲೇ ಜಾರುತ್ತದೆ.

ಉಪಕರಣಗಳಲ್ಲಿ ಯಾವುದು ಬೇಕು, ಯಾವುದು ಬೇಡ?

ಟ್ರ್ಯಾಕ್ಟರು ಕೊಂಡವರು ಜೊತೆಗೆ ರೋಟವೇಟರನ್ನೂ ತರುವುದು ರೂಢಿ. ಅಡಿಕೆ ತೋಟಕ್ಕೆ ಅದು ಬೇಡ. ಅಡಿಕೆಗೆ ತಾಯಿಬೇರಿಲ್ಲ. ಹೀರುವ ಬೇರುಗಳಲ್ಲಿ ಹೆಚ್ಚಿನವು ಬುಡದ ಸುತ್ತ ಮೂರಡಿಯೊಳಗೆ, ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ರೋಟವೇಟರು ಅವುಗಳನ್ನು ಕತ್ತರಿಸುತ್ತದೆ. ಸಡಿಲವಾದ ಮಣ್ಣು ಮೊದಲ ಮಳೆಗೇ ಕಣಿ ಸೇರುತ್ತದೆ. ಗದ್ದೆ, ತರಕಾರಿ, ಮೇವಿನ ಹುಲ್ಲು ಮಾಡುವವರು ಮಾತ್ರ ಅದನ್ನು ಕೊಂಡರೆ ಸಾಕು, ಅಥವಾ ಬಾಡಿಗೆಗೆ ತಂದರೂ ಸಾಕು.

ಮೊದಲ ಉಪಕರಣ ಟ್ರೇಲರು. ಸಾಧ್ಯವಾದರೆ ಹಿಂದಕ್ಕೆ ಮಗುಚುವಂಥದ್ದು, ತನ್ನದೇ ಬ್ರೇಕು ಇರುವಂಥದ್ದು. ಒಂದು ಟನ್ನಿನದು ನಮ್ಮ ದಾರಿಗೆ ಹೇಳಿಸಿದಂತಿದೆ. ಎರಡನೆಯದು ಹುಲ್ಲು ಕೊಚ್ಚುವ ಸ್ಲ್ಯಾಷರು: ತೆಂಗು, ಗೇರಿನ ಅಗಲ ಸಾಲುಗಳಲ್ಲಿ ಮಣ್ಣು ಕೆದಕದೆ ಕಳೆ ಕತ್ತರಿಸಿ ಅಲ್ಲೇ ಮುಚ್ಚಿಗೆಯಾಗಿ ಬಿಡುತ್ತದೆ. ಗುಂಡಿ ತೋಡುವ ಬೈರಿಗೆ ಹೊಸ ತೋಟ ಮಾಡುವ ವರ್ಷಕ್ಕೆ ಮಾತ್ರ. ಮುರಕಲ್ಲು ಸಿಕ್ಕಿದರೆ ಅದೂ ನಿಲ್ಲುತ್ತದೆ. ಮದ್ದಿನ ಪಂಪಿಗೆ ಬೇರೆ ಸಣ್ಣ ಎಂಜಿನೇ ಲೇಸು. ಮಳೆ ಬಿಟ್ಟ ನಾಲ್ಕು ದಿನಗಳಲ್ಲಿ ಮದ್ದು ಮುಗಿಸಬೇಕಾದಾಗ ಟ್ರ್ಯಾಕ್ಟರನ್ನು ಪಂಪಿಗೆ ಕಟ್ಟಿಹಾಕಿದರೆ ಬೇರೆ ಕೆಲಸ ನಿಲ್ಲುತ್ತದೆ.

ಇಳಿಜಾರಿನಲ್ಲಿ ಪ್ರಾಣದ ಪ್ರಶ್ನೆ

ಇದನ್ನು ಯಂತ್ರ ನಡೆಸುವ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ. ಹೊರೆ ಎಳೆದುಕೊಂಡು ಏರುವಾಗ ಟ್ರ್ಯಾಕ್ಟರಿನ ಮುಂದಿನ ಚಕ್ರ ಮೇಲೇಳಬಹುದು, ಯಂತ್ರ ಹಿಂದಕ್ಕೆ ಮಗುಚಬಹುದು. ಆದ್ದರಿಂದ ಹೊರೆಯನ್ನು ಕೆಳಗಿನ ಎಳೆಪಟ್ಟಿಗೇ ಸಿಕ್ಕಿಸಬೇಕು, ಮೇಲಿನ ಕೊಂಡಿಗೆ ಎಂದೂ ಕಟ್ಟಬಾರದು. ಇಳಿಯುವಾಗ ಸಣ್ಣ ಗೇರಿನಲ್ಲೇ ಇಳಿಯಬೇಕು. ಡೀಸೆಲು ಉಳಿಸಲು ನ್ಯೂಟ್ರಲಿಗೆ ಹಾಕಿದವನ ಕೈಯಲ್ಲಿ ಯಂತ್ರ ಉಳಿಯದು. ಬರೆಯ ಅಂಚಿನಿಂದ ಚಕ್ರ ದೂರವಿರಲಿ. ಆಟಿ ತಿಂಗಳಲ್ಲಿ ಗಟ್ಟಿ ಕಂಡ ಅಂಚೂ ಜರಿಯುತ್ತದೆ.

ಟಿಲ್ಲರಿನದು ಇನ್ನೊಂದು ವಿಚಿತ್ರ. ಸಮತಟ್ಟಿನಲ್ಲಿ ಎಡದ ಕ್ಲಚ್ಚು ಒತ್ತಿದರೆ ಎಡಕ್ಕೆ ತಿರುಗುವ ಟಿಲ್ಲರು, ಕಡಿದಾದ ಇಳಿಜಾರಿನಲ್ಲಿ ಬಲಕ್ಕೆ ತಿರುಗುತ್ತದೆ. ಇದು ತಿಳಿಯದೆ ಇಳಿದವರು ತೋಡಿಗೆ ಬಿದ್ದಾರು. ಇಳಿಜಾರಿನಲ್ಲಿ ಸ್ಟಿಯರಿಂಗ್ ಕ್ಲಚ್ಚು ಮುಟ್ಟದೆ ಹಿಡಿ ಹಿಡಿದು ತಿರುಗಿಸುವುದನ್ನು ಮೊದಲು ಕಲಿಯಬೇಕು.

ಟ್ರ್ಯಾಕ್ಟರು ಕೊಳ್ಳುವಾಗ ಚಾಲಕನ ಹಿಂದೆ ಎದ್ದು ನಿಂತ ಕಬ್ಬಿಣದ ಕಮಾನು ಇದೆಯೇ ಎಂದು ನೋಡಿ. ಮಗುಚಿದಾಗ ಮನುಷ್ಯನನ್ನು ಉಳಿಸುವುದು ಅದು. ಅದಿದ್ದಾಗ ಸೀಟಿನ ಬೆಲ್ಟು ಕಟ್ಟಲೇಬೇಕು. ನಿಮಿಷಕ್ಕೆ 540 ಸುತ್ತು ತಿರುಗುವ ಹಿಂದಿನ ದಂಡಕ್ಕೆ ಮುಚ್ಚಳ ಇರಲಿ. ಸಡಿಲ ಲುಂಗಿ, ಹೆಗಲ ಬೈರಾಸು ಅದರ ಹತ್ತಿರ ಹೋಗಬಾರದು. ಟ್ರೇಲರಿನ ಕೊಂಡಿಯ ಮೇಲೆ ಮಕ್ಕಳನ್ನು ಕೂರಿಸಬಾರದು.

ಹಣದ ಲೆಕ್ಕ

ಟ್ರ್ಯಾಕ್ಟರು, ಟ್ರೇಲರು, ಸ್ಲ್ಯಾಷರು ಸೇರಿ ಆರು ಲಕ್ಷ ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಹತ್ತು ವರ್ಷದ ಬಳಿಕ ಎರಡು ಲಕ್ಷಕ್ಕೆ ಹೋಗುವುದಾದರೆ ವರ್ಷಕ್ಕೆ 40,000 ಸವಕಳಿ. ಸರಾಸರಿ ನಾಲ್ಕು ಲಕ್ಷ ಬಂಡವಾಳಕ್ಕೆ ನೂರಕ್ಕೆ ಹತ್ತರಂತೆ ಬಡ್ಡಿ 40,000. ವಿಮೆ, ರಿಪೇರಿಗೆ 20,000. ಒಟ್ಟು ವರ್ಷಕ್ಕೆ ಒಂದು ಲಕ್ಷ. ಇದು ಯಂತ್ರ ಕೊಟ್ಟಿಗೆಯಲ್ಲೇ ನಿಂತಿದ್ದರೂ ಹೆಚ್ಚುಕಡಿಮೆ ತಪ್ಪದ ಖರ್ಚು. ಎರಡು ಎಕರೆಯವರ 50 ಗಂಟೆಗೆ ಹಂಚಿದರೆ ಗಂಟೆಗೆ 2,000 ರೂಪಾಯಿ. 100 ಗಂಟೆಗೆ ಹಂಚಿದರೆ 1,000. ಅಂಥ ಐದು ಮನೆಯವರು ಕೂಡಿ 250 ಗಂಟೆ ದುಡಿಸಿದರೆ 400. ಡೀಸೆಲು, ಚಾಲಕನ ಸಂಬಳ ಬೇರೆ. ನಿಮ್ಮ ಊರಿನ ಬಾಡಿಗೆ ದರವನ್ನು ಇದರ ಪಕ್ಕದಲ್ಲಿ ಬರೆದು ನೋಡಿ; ಉತ್ತರ ತಾನಾಗಿ ಬರುತ್ತದೆ.

ಎರಡು ಮೂರು ಎಕರೆಯವರಿಗೆ ಬಾಡಿಗೆಯೋ, ನೆರೆಯವರೊಂದಿಗೆ ಪಾಲೋ ಲೇಸು. ಪಾಲಿನಲ್ಲಿ ಕೊಳ್ಳುವವರು ಯಾರ ಹೆಸರಿನಲ್ಲಿ ನೋಂದಣಿ, ರಿಪೇರಿ ಖರ್ಚು ಹೇಗೆ, ಯಾರಿಗೆ ಯಾವ ವಾರ ಎಂಬುದನ್ನು ಮೊದಲೇ ಕಾಗದದಲ್ಲಿ ಬರೆದಿಡಬೇಕು. ಇಲ್ಲವಾದರೆ ಯಂತ್ರಕ್ಕಿಂತ ಮೊದಲು ಸ್ನೇಹ ಕೆಡುತ್ತದೆ. ರಾಜ್ಯದಲ್ಲಿ 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲಿ ನಿಮ್ಮ ಹೋಬಳಿಯದು ಏನು ಕೊಡುತ್ತದೆ ಎಂದು ವಿಚಾರಿಸಿರಿ.

ಕೊಳ್ಳುವುದೇ ನಿಶ್ಚಯವಾದರೆ

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಸಹಾಯಧನದ ಮೊತ್ತ ವರ್ಷ ವರ್ಷಕ್ಕೆ ಬದಲಾಗುವುದರಿಂದ ಮುಂಗಡ ಕೊಡುವ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿ. ಮೊದಲು ಕೊಂಡು ಆಮೇಲೆ ಅರ್ಜಿ ಹಾಕುವುದು ಬುದ್ಧಿವಂತಿಕೆಯಲ್ಲ. ಸಹಕಾರಿ ಸಂಘದ ಮಧ್ಯಮಾವಧಿ ಸಾಲದ ಬಡ್ಡಿಯನ್ನು ಕಂಪೆನಿಯ ಸಾಲದ ಬಡ್ಡಿಯೊಂದಿಗೆ ಹೋಲಿಸಿ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರಕಾರದ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಆ ವರದಿಯಲ್ಲಿ ಡೀಸೆಲು ಖರ್ಚು, ಎತ್ತುವ ಶಕ್ತಿ, ತಿರುಗುವ ಅಳತೆ ಇರುತ್ತದೆ; ಮಾರುವವರಿಂದ ಕೇಳಿ ಪಡೆಯಿರಿ.

ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರವನ್ನು ನಿಮ್ಮ ತೋಟಕ್ಕೇ ತರಿಸಿ, ತುಂಬಿದ ಟ್ರೇಲರಿನೊಂದಿಗೆ ನಿಮ್ಮ ಏರು ಹತ್ತಿಸಿ ನೋಡಿ. ಅಂಗಡಿಯ ಅಂಗಳದಲ್ಲಿ ಎಲ್ಲ ಟ್ರ್ಯಾಕ್ಟರೂ ಚೆನ್ನಾಗಿಯೇ ಓಡುತ್ತದೆ. ಬಿಡಿಭಾಗ, ಮೆಕ್ಯಾನಿಕ್ ಎಷ್ಟು ದೂರ ಎಂಬುದನ್ನು ಮಾರುವವರಲ್ಲಲ್ಲ, ಅದೇ ಯಂತ್ರ ಎರಡು ವರ್ಷದಿಂದ ಇಟ್ಟುಕೊಂಡವರಲ್ಲಿ ಕೇಳಬೇಕು.

ಕೊನೆಗೊಂದು ಮಾತು. ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗದಿಂದ ತೋಟಗಳು ಬರಡಾದದ್ದನ್ನು ಕಂಡಿದ್ದೇವೆ; ಎಲೆಚುಕ್ಕಿ ರೋಗವೂ ಬಂದಿದೆ. ರೋಗ ಕಾಲಿಟ್ಟ ತೋಟದ ಇಂದಿನ ಫಸಲನ್ನು ನಂಬಿ ಏಳು ವರ್ಷದ ಕಂತಿಗೆ ಸಹಿ ಹಾಕುವವರು ಎರಡು ಸಲ ಯೋಚಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಟ್ರ್ಯಾಕ್ಟರಿಗೂ ಸಲ್ಲುತ್ತದೆ. ಈ ಭಾನುವಾರ ತಂದೆ ಮಗ ಕೂಡಿ ಬಿದಿರ ಕೋಲು ಹಿಡಿದು ತೋಟಕ್ಕೊಂದು ಸುತ್ತು ಬರಲಿ. ಅಂಗಡಿಗೆ ಹೋಗುವುದು ಆಮೇಲೆ.