ಕರಿ ನಾಲ್ಕರ ದ್ರೌಪದಿ

ಭೀಮ ಮಾತು ಮರೆತಿದ್ದಾನೆ. ಕ್ಯಾಸೆಟ್ಟಿನಲ್ಲಿ ಒಂದಷ್ಟು ಹೊತ್ತು ಬರೀ ಜನರೇಟರಿನ ಗುಡುಗುಡು. ಪರದೆ ಹಿಂದಿನಿಂದ ಯಾರೋ ಪುಸ್ತಕ ನೋಡಿ ಪಿಸುಗುಟ್ಟುವುದು ಮೈಕಿಗೆ ಕೇಳುತ್ತದೆ, ಮುಂದೆ ಕೂತ ಮುದುಕಿಯರಿಗೂ ಕೇಳುತ್ತದೆ, ಭೀಮನಿಗೆ ಮಾತ್ರ ಕೇಳುವುದಿಲ್ಲ. ಆಗ ದ್ರೌಪದಿ ಬಾಯಿ ಬಿಡುತ್ತಾಳೆ: ‘ಯಾಕೆ ಸುಮ್ಮನಾದಿರಿ ಪ್ರಾಣನಾಥಾ? ಆ ಗುರುಪುತ್ರನ ಹೆಡೆಮುರಿ ಕಟ್ಟಿ ತರುತ್ತೇನೆಂದು ಹೇಳಲು ಬಂದವರಲ್ಲವೇ ನೀವು?’ ಭೀಮನಿಗೆ ದಾರಿ ಸಿಕ್ಕಿತು. ‘ಹೌದು ಪಾಂಚಾಲೀ!’ ಎಂದು ಗದೆ ಕುಟ್ಟಿದ ಸದ್ದಿಗೆ ಹಲಗೆಯ ವೇದಿಕೆ ನಡುಗಿ ಮೈಕು ಕುಂಯ್ ಎನ್ನುತ್ತದೆ. ಸಿಳ್ಳೆ ಭೀಮನಿಗೆ ಬಿತ್ತು.

ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಪುಸ್ತಕದಲ್ಲಿ ಈ ಮಾತಿಲ್ಲ. ಅವತ್ತು ರಾತ್ರಿ ಹುಟ್ಟಿ ಅವತ್ತೇ ಸಾಯಬೇಕಿದ್ದ ಮಾತು. ನಮ್ಮ ಸೋದರಮಾವ ಟೂ-ಇನ್-ಒನ್ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಕ್ಕೆ ಉಳಿಯಿತು. ಕುಡತಿನಿ ಹತ್ತಿರದ ಹಳ್ಳಿ, 1994ರ ಯುಗಾದಿ ಮುಗಿದ ಮೇಲಿನ ನಾಟಕ. ರಾತ್ರಿ ಹತ್ತಕ್ಕೆ ನಾಂದಿ ಹಾಡಿದರೆ ಬೆಳಗಿನ ಐದಕ್ಕೆ ಮಂಗಳ. ತೊಂಬತ್ತು ನಿಮಿಷದ ಐದು ಕ್ಯಾಸೆಟ್ಟು ಮುಗಿದವು. ಮಗ್ಗುಲು ತಿರುಗಿಸುವ ಹೊತ್ತಿನಲ್ಲಿ ಹೋದ ಪದ್ಯಗಳು ಹೋದವು. ಜನರೇಟರಿನ ವೋಲ್ಟೇಜು ನಂಬದೆ ಮಾವ ಆರು ಸೆಲ್ಲು ಹಾಕಿಕೊಂಡು ಹೋಗಿದ್ದ. ಈ ಸೆಲ್ಲಿನ ಮಾತು ಮುಂದೆ ಬರುತ್ತದೆ.

ನನ್ನ ಹತ್ತಿರ ‘ರಕ್ತರಾತ್ರಿ’ಯ ಇನ್ನೂ ಎರಡು ಧ್ವನಿಮುದ್ರಣಗಳಿವೆ. 2006ರದು ಕುರುಗೋಡು ಕಡೆಯದು, ವಿಡಿಯೊದವರು ಸಿ.ಡಿ. ಮಾಡಿ ಪಾತ್ರಧಾರಿಗಳಿಗೆ ಮಾರಿದ್ದು. 2019ರದು ಸಿರುಗುಪ್ಪ ಕಡೆಯದು, ನಾನೇ ಮೊಬೈಲಿನಲ್ಲಿ ಹಿಡಿದದ್ದು. ಇಂಗ್ಲಿಷ್ ಸಂಗೀತ ನಾಟಕದ ಹುಚ್ಚಿರುವವರು ಹೀಗೆ ಒಂದೇ ನಾಟಕದ ಬೇರೆ ಬೇರೆ ತಂಡಗಳ ರೆಕಾರ್ಡು ಎದುರುಬದುರು ಇಟ್ಟು ಜಗಳ ಕಾಯುತ್ತಾರೆ. ‘ಮೈ ಫೇರ್ ಲೇಡಿ’ಯನ್ನು ರೆಕ್ಸ್ ಹ್ಯಾರಿಸನ್, ಜೂಲಿ ಆಂಡ್ರೂಸ್ 1956ರಲ್ಲಿ ನ್ಯೂಯಾರ್ಕ್ ತಂಡದೊಂದಿಗೆ ಹಾಡಿ ಮುದ್ರಿಸಿದರು, ಸ್ಟೀರಿಯೊ ಬಂದ ಮೇಲೆ 1959ರಲ್ಲಿ ಅದನ್ನೇ ಲಂಡನ್ನಿನಲ್ಲಿ ಮತ್ತೆ ಹಾಡಿದರು. ಮೊದಲನೆಯದರಲ್ಲಿ ಬಿಸಿ ಇದೆ, ಎರಡನೆಯದರಲ್ಲಿ ನಯ ಇದೆ ಎಂಬ ತಕರಾರು ಇನ್ನೂ ಮುಗಿದಿಲ್ಲ. ಹ್ಯಾರಿಸನ್ ಹಾಡುತ್ತಿರಲಿಲ್ಲ, ತಾಳಕ್ಕೆ ಮಾತಾಡುತ್ತಿದ್ದ. ನಮ್ಮ ಮೂವರು ಭೀಮರೂ ಅದನ್ನೇ ಮಾಡಿದ್ದಾರೆ, ತಾಳ ಒಂದನ್ನು ಬಿಟ್ಟು.

ಆದರೆ ಅವರಿಗಿರುವ ಅನುಕೂಲ ನಮಗಿಲ್ಲ. ಅಲ್ಲಿ ಸಂಗೀತ ಕಾಗದದ ಮೇಲಿದೆ, ಯಾರು ಎಲ್ಲಿ ಜಾರಿದರೆಂದು ಬೆರಳಿಟ್ಟು ತೋರಿಸಬಹುದು. ಈಗಿನ ಬಾಗಲಕೋಟೆ ಜಿಲ್ಲೆಯ ಕಂದಗಲ್ಲದ ಹನುಮಂತರಾಯರು (1896–1951) ‘ಕರ್ನಾಟಕದ ಶೇಕ್ಸ್‌ಪಿಯರ್’ ಎನಿಸಿಕೊಂಡವರು. ವಿಜಯಪುರದ ರಂಗಮಂದಿರಕ್ಕೆ ಅವರದೇ ಹೆಸರು. ಕುರುಕ್ಷೇತ್ರ ಮುಗಿಯುತ್ತ ಬಂದಾಗ ಅಶ್ವತ್ಥಾಮ ಕತ್ತಲಲ್ಲಿ ಪಾಂಡವರ ಪಾಳೆಯಕ್ಕೆ ನುಗ್ಗಿ, ಮಲಗಿದ್ದ ದ್ರೌಪದಿಯ ಐವರು ಮಕ್ಕಳನ್ನು ಕೊಂದ ಕತೆಯನ್ನು ಪ್ರಾಸ ಸುರಿಯುವ ಮಾತಿನಲ್ಲಿ ಕಟ್ಟಿದರು. ಮಾತು ಪುಸ್ತಕದಲ್ಲಿ ಗಟ್ಟಿಯಾಗಿದೆ, ಬಳ್ಳಾರಿ ಸೀಮೆಯಲ್ಲಿ ಶಕುನಿಯ ಮಾತು ಬಾಯಿಪಾಠ ಇಲ್ಲದ ಊರು ಹುಡುಕಬೇಕು. ಹಾಡು ಮಾತ್ರ ಪೇಟಿ ಮಾಸ್ತರನ ಕೈಯಲ್ಲಿ. ಒಬ್ಬ ಮಾಸ್ತರ ಭೀಮಪಲಾಸಿಗೆ ಕೂಡಿಸಿದ್ದನ್ನು ಮತ್ತೊಬ್ಬ ಆ ವರ್ಷ ಓಡಿದ ಸಿನಿಮಾ ಹಾಡಿನ ಧಾಟಿಗೆ ಕೂಡಿಸುತ್ತಾನೆ. 2006ರ ಸಿ.ಡಿ.ಯಲ್ಲಿ ಉತ್ತರೆ ಅಭಿಮನ್ಯುವನ್ನು ನೆನೆದು ಹಾಡುವ ಧಾಟಿ ಯಾವ ಸಿನಿಮಾದ್ದೆಂದು ಪ್ರೇಕ್ಷಕರಿಗೆ ತಕ್ಷಣ ಗೊತ್ತಾಗಿ, ವಿಧವೆಯ ಅಳುವಿಗೆ ಚಪ್ಪಾಳೆ ತಾಳ ಬಿದ್ದಿದೆ.

ಹೋಲಿಸುವುದಾದರೆ ಮತ್ತೇನನ್ನು ಹೋಲಿಸುವುದು? ಹಿಂದಿನ ಸದ್ದನ್ನೇ ಮೊದಲು ಕೇಳಿ. 1994ರಲ್ಲಿ ನಾಯಿ, ಜನರೇಟರು, ದೂರದಲ್ಲಿ ಗೂಡ್ಸ್ ರೈಲಿನ ಕೂಗು. 2006ರಲ್ಲಿ ಅದಿರು ಲಾರಿಗಳ ಹಾರನ್ನು, ಅದೂ ರಾತ್ರಿಯಿಡೀ. ಬಹುಮಾನದ ಮೊತ್ತವೂ ಲಾರಿಯ ಜೊತೆಗೇ ಏರಿದೆ: 1994ರಲ್ಲಿ ಮೈಕಿನಲ್ಲಿ ಕೂಗಿದ್ದು ಐದು ರೂಪಾಯಿ, ಹನ್ನೊಂದು ರೂಪಾಯಿ, 2006ರಲ್ಲಿ ಸಾವಿರದ ಒಂದು. ದ್ರೌಪದಿ ಮಕ್ಕಳ ಹೆಣದ ಮುಂದೆ ಕೂತು ದನಿ ಎತ್ತಿದ್ದಾಳೆ, ಅಷ್ಟರಲ್ಲಿ ‘ಧರ್ಮರಾಜನ ಪಾತ್ರಧಾರಿಗೆ ಅವರ ಮಾವನವರಿಂದ ಅರ್ಧ ತೊಲ ಬಂಗಾರದ ಉಂಗುರ’ ಎಂಬ ಕೂಗು. ಆಕೆ ನಿಲ್ಲಿಸುತ್ತಾಳೆ. ಉಂಗುರ ತೊಡಿಸಿ ಫೋಟೊ ಮುಗಿದ ಮೇಲೆ ಬಿಟ್ಟ ಅಕ್ಷರದಿಂದಲೇ, ಬಿಟ್ಟ ಸ್ವರದಲ್ಲೇ ಅಳು ಎತ್ತಿಕೊಳ್ಳುತ್ತಾಳೆ. ಇದನ್ನು ಸ್ಟುಡಿಯೊದಲ್ಲಿ ಹಾಡಿಸಲಾಗದು.

ಆಕೆ ಎಂದೆ. ಮೂರನ್ನೂ ಒಂದರ ಹಿಂದೊಂದು ಕೇಳುವವರೆಗೆ ನನಗೂ ಹೊಳೆದಿರಲಿಲ್ಲ. ಮೂರು ಊರು, ಮೂವರು ಶಕುನಿಗಳು, ಮೂವರು ಅಶ್ವತ್ಥಾಮರು. ದ್ರೌಪದಿ ಒಬ್ಬಳೇ.

ಹಳ್ಳಿ ನಾಟಕದ ಲೆಕ್ಕ ಗೊತ್ತಿದ್ದವರಿಗೆ ಇದು ಆಶ್ಚರ್ಯವಲ್ಲ. ಗಂಡು ಪಾತ್ರ ಊರವರದು. ದುಡ್ಡು ಕೊಟ್ಟು ಪಾತ್ರ ಹಿಡಿದು, ಎರಡು-ಮೂರು ತಿಂಗಳು ತಾಲೀಮು ಮಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಬಳ್ಳಾರಿಯಿಂದ, ಮರಿಯಮ್ಮನಹಳ್ಳಿಯಿಂದ ವೃತ್ತಿ ಕಲಾವಿದೆಯರು ಬರುತ್ತಾರೆ. ಹೆಚ್ಚೆಂದರೆ ಒಂದು ಟ್ರಯಲ್, ಎಷ್ಟೋ ಸಲ ಅದೂ ಇಲ್ಲ. ಸಂಜೆ ಬಸ್ಸಿಳಿದು, ಯಾರದೋ ಮನೆಯಲ್ಲಿ ಬಣ್ಣ ಹಚ್ಚಿಕೊಂಡು, ಹಿಂದೆಂದೂ ನೋಡದ ಐವರು ಗಂಡಂದಿರನ್ನು ಬೆಳಗಿನವರೆಗೆ ದಡ ಹತ್ತಿಸಬೇಕು. ಮುಂಜಾನೆ ಮೊದಲ ಬಸ್ಸಿಗೆ ವಾಪಸು. ಪೋಸ್ಟರಿನಲ್ಲಿ ದುರ್ಯೋಧನನ ಫೋಟೊ ದೊಡ್ಡದು.

ಹಾಗಾಗಿ ಈ ಮೂರು ಧ್ವನಿಮುದ್ರಣಗಳನ್ನು ನಾನು ಒಬ್ಬ ಕಲಾವಿದೆಯ ದುಡಿಮೆಯ ದಾಖಲೆಯೆಂದೇ ಕೇಳುತ್ತೇನೆ. 2006ರ ಭೀಮ ತಾಳದ ಮುಂದೆ ಓಡುವವನು. ಆಕೆ ಅವನ ಸಾಲಿನ ಕೊನೆಗೆ ಸೇರಿ ‘ಆಹಾ’ ಎಂದೊಂದು ಆಲಾಪ ಎಳೆದು ತಬಲಾದವನಿಗೆ ಸಮ ಹಿಡಿಯಲು ಪುರುಸೊತ್ತು ಕೊಡುತ್ತಾಳೆ. 2019ರ ಶ್ರೀಕೃಷ್ಣನಿಗೆ ಶ್ರುತಿಯೇ ಸಿಗುವುದಿಲ್ಲ; ಅವನ ಪದ್ಯಕ್ಕೆ ಮುಂಚಿನ ತನ್ನ ಮಾತನ್ನು ಷಡ್ಜದ ಮೇಲೆ ನಿಲ್ಲಿಸಿ, ಅದನ್ನು ಅವನ ಕಿವಿಯಲ್ಲಿಟ್ಟು ಸರಿಯುತ್ತಾಳೆ.

ಬಳ್ಳಾರಿಯಲ್ಲೇ ಬಾಳಿ 2020ರ ಜುಲೈನಲ್ಲಿ ತೀರಿಕೊಂಡ ಸುಭದ್ರಮ್ಮ ಮನ್ಸೂರರ ರಂಗಗೀತೆ ಕೇಳಿದವರಿಗೆ ಈ ವಿದ್ಯೆಯ ತವರು ತಿಳಿಯುತ್ತದೆ. ಮೈಕು ಹೇಗಿದ್ದರೂ ಅಕ್ಷರ ಒಡೆಯದ ಉಚ್ಚಾರ, ಹಾಡಿನ ನಡುವೆ ಮಾತಿಗಿಳಿದು ಮತ್ತೆ ಹಾಡಿಗೇರುವಾಗ ಹೊಲಿಗೆ ಕಾಣದ ನಾಜೂಕು.

ಈ ಸೀಮೆಯ ಕಿವಿ ಒಂದೇ ಭಾಷೆಯದೂ ಅಲ್ಲ. ತೆಲುಗು ನಾಟಕಕ್ಕೆ ಹಾಡು ತಂದವರೆಂದು ಹೆಸರಾದ ಧರ್ಮವರಂ ರಾಮಕೃಷ್ಣಮಾಚಾರ್ಯರು ಬಳ್ಳಾರಿಯಲ್ಲಿ ವಕೀಲರಾಗಿದ್ದವರು. ಅವರ ಸರಸವಿನೋದಿನಿ ಸಭೆ ಹುಟ್ಟಿದ್ದು ಇಲ್ಲೇ. ಅವರ ಸೋದರಳಿಯ ಬಳ್ಳಾರಿ ರಾಘವರು ಹಾಡಿಗಿಂತ ಅಭಿನಯಕ್ಕೇ ಹೆಸರಾದದ್ದು ಬೇರೆ ಮಾತು. ನಮ್ಮ ಮಾವನ ಪೆಟ್ಟಿಗೆಯಲ್ಲಿ ‘ರಕ್ತರಾತ್ರಿ’ಯ ಪಕ್ಕದಲ್ಲೇ ಡಿ.ವಿ. ಸುಬ್ಬಾರಾವ್ ಅವರ ತೆಲುಗು ‘ಹರಿಶ್ಚಂದ್ರ’ ಇತ್ತು. ಅದರ ಸ್ಮಶಾನದ ದೃಶ್ಯದಲ್ಲಿ ನಾಟಕ ಬರೆದ ಬಲಿಜೇಪಲ್ಲಿಯವರ ಪದ್ಯದ ಜೊತೆ ಕವಿ ಜಾಷುವಾ ಅವರ ಪದ್ಯಗಳನ್ನೂ ನಟರು ಸೇರಿಸಿಕೊಂಡರು. ಈಗ ಅವಿಲ್ಲದೆ ಆ ದೃಶ್ಯ ನಡೆಯುವುದಿಲ್ಲ. ಮೂಲ ಯಾವುದು ಎಂದು ಕೇಳಿದರೆ ಅಲ್ಲಿಯೂ ಉತ್ತರ ಕಷ್ಟ.

ನನ್ನದೊಂದು ಸಿದ್ಧಾಂತವಿತ್ತು, ಅದನ್ನು ಹೇಳಿಬಿಡುತ್ತೇನೆ. ಮಕ್ಕಳ ಶೋಕದ ಹಾಡನ್ನು ಆಕೆ 1994ರಲ್ಲಿ ಕರಿ ಐದರಲ್ಲಿ, ಅಂದರೆ ಪೇಟಿಯ ಐದನೆಯ ಕರಿ ಮನೆಯ ಶ್ರುತಿಯಲ್ಲಿ ಹಾಡಿದ್ದಾಳೆ, 2019ರಲ್ಲಿ ಕರಿ ನಾಲ್ಕರಲ್ಲಿ. ಇಪ್ಪತ್ತೈದು ವರ್ಷದಲ್ಲಿ ದನಿ ಎರಡು ಮನೆ ಇಳಿದಿದೆ, ವಯಸ್ಸು ಯಾರನ್ನು ಬಿಟ್ಟಿದೆ ಎಂದುಕೊಂಡಿದ್ದೆ. ಹಳೆಯದರಲ್ಲಿ ಚುರುಕು, ಹೊಸದರಲ್ಲಿ ಭಾರ ಎಂದು ನಾಲ್ಕು ಜನರ ಮುಂದೆ ಭಾಷಣವನ್ನೂ ಬಿಗಿದಿದ್ದೆ.

ಮೊನ್ನೆ 1994ರ ಪೇಟಿ ಮಾಸ್ತರರು ಇನ್ನೂ ಇದ್ದಾರೆಂದು ತಿಳಿದು ಹುಡುಕಿಕೊಂಡು ಹೋದೆ. ಕಣ್ಣು ಮಂಜು, ಕಿವಿ ಚೂಪು. ಕ್ಯಾಸೆಟ್ಟಿನಿಂದ ಮೊಬೈಲಿಗೆ ಇಳಿಸಿಕೊಂಡಿದ್ದ ಹಾಡು ಕೇಳಿಸಿದೆ. ಅರ್ಧಕ್ಕೇ ಕೈ ಎತ್ತಿದರು.

‘ತಮ್ಮಾ, ನಿನ್ನ ಟೇಪು ಸುಳ್ಳು ಹೇಳ್ತತಿ. ನಾನು ಕರಿ ಐದು ಕೊಟ್ಟೇ ಇಲ್ಲ.’

‘ತಾತಾ, ಪೇಟಿಗೆ ಹಚ್ಚಿ ನೋಡೀನಿ, ಕರಿ ಐದೇ ಬರ್ತತಿ.’

‘ಹಂಗಾರ ಇದು ಕೇಳು’ ಎಂದು ಮೂಲೆಯ ಪೇಟಿ ಎಳೆದು, ಬಾತೆ ಒತ್ತಿ, ಕರಿ ನಾಲ್ಕರ ಮೇಲೆ ಬೆರಳಿಟ್ಟರು. ಸ್ವರದ ಜೊತೆಗೆ ಗೊರ್ ಎಂಬ ಸದ್ದು, ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿಯ ಹಾಗೆ. ‘ಈ ಸ್ವರ ಆವಾಗಿಂದ ಹಿಂಗೇ ಗೊರ ಅಂತತಿ. ಈಗ ನಿನ್ನ ಫೋನು ಹಚ್ಚು.’

ಹಚ್ಚಿದೆ. ದ್ರೌಪದಿ ಷಡ್ಜಕ್ಕೆ ಬಂದು ನಿಂತಾಗಲೆಲ್ಲ ಹಿಂದೆ ಅದೇ ದುಂಬಿ. ಬೇರೆ ಯಾವ ಸ್ವರಕ್ಕೂ ಅದಿಲ್ಲ.

ಸೆಲ್ಲು! ಬೆಳಗಿನ ಜಾವಕ್ಕೆ ಮಾವನ ಸೆಲ್ಲು ಸೋತು ಟೇಪು ನಿಧಾನಕ್ಕೆ ಓಡಿದೆ. ನಿಧಾನಕ್ಕೆ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಬಿಟ್ಟರೆ ದನಿಯೂ ಏರುತ್ತದೆ, ಲಯವೂ ಏರುತ್ತದೆ. ನಾನು ಚುರುಕು ಎಂದು ಹೊಗಳಿದ್ದು ಆ ಆರು ಸೆಲ್ಲುಗಳನ್ನು.

ಮಾಸ್ತರರು ಪೇಟಿ ಮುಚ್ಚಿ, ಮೇಲೆ ಟವೆಲು ಹೊದಿಸಿದರು. ‘ಆಕಿ ಅವತ್ತೂ ಕರಿ ನಾಲ್ಕು, ಇವತ್ತೂ ಕರಿ ನಾಲ್ಕು. ಈ ಯುಗಾದಿಗೆ ಎಲ್ಲಿ ಐತಂತೆ ನಾಟಕ?’